ಅಳಿಯನ ಬೆನ್ನು

ಜೂನ್ 11, ಬುಧವಾರ

ದೊಡ್ಡಾಸ್ಪತ್ರೆಯಂತೆ. ದೊಡ್ಡದೇನೋ ಹೌದು, ಗಲೀಜೂ ಅಷ್ಟೇ ದೊಡ್ಡದು. ಬೆಂಗಳೂರಿಗೆ ಬಂದು, ಐಸಿಯು ಹೊರಗಿನ ಕಬ್ಬಿಣದ ಕುರ್ಚಿಯಲ್ಲಿ ಮೊನ್ನೆಯಿಂದ ಕೂತು ಸೊಂಟ ಬಿದ್ದುಹೋಗಿದೆ. ಯಾರಿಗಾಗಿ? ಆ ಆಟೊದವನಿಗಾಗಿ.

ಸೋಮವಾರ ಬೆಳಿಗ್ಗೆ ಕೈಲಾಂಚದ ಕಡೆಯಿಂದ ರೇಷ್ಮೆಗೂಡು ತುಂಬಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಬರುತ್ತಿದ್ದನಂತೆ. ಹಿಂದಿನಿಂದ ಲಾರಿ ಗುದ್ದಿ, ಗಾಡಿ ಪಲ್ಟಿ ಹೊಡೆದು ಹಳ್ಳಕ್ಕೆ ಬಿದ್ದಿದೆ. ಲಾರಿಯವನು ನಿಲ್ಲಿಸಲೇ ಇಲ್ಲ. ನೋಡಿದವರು ನಾಲ್ಕು ಜನ ಸೇರಿ ಕೈಕಾಲು ಹಿಡಿದು, ಮೂಟೆ ಎತ್ತಿದ ಹಾಗೆ ಎತ್ತಿ ಇನ್ನೊಂದು ಆಟೊಗೆ ತುಂಬಿಕೊಂಡು ಬಂದರಂತೆ. ಬೆನ್ನು ಮುರಿದವನನ್ನು ಹಾಗೆ ಎತ್ತಬಾರದು ಎಂಬುದು ಒಬ್ಬನ ತಲೆಗೂ ಹೋಗಲಿಲ್ಲ. ಉಪಕಾರ ಮಾಡಿದೆವು ಎಂದು ಇವತ್ತೂ ಬಂದು, ನಮ್ಮ ಖರ್ಚಿನಲ್ಲಿ ಕಾಫಿ ಕುಡಿದು ಹೋದರು.

ಆಟೊದವನು ಎಂದರೆ ನನ್ನ ಅಳಿಯ. ಹಾಗೆ ಬರೆಯಲು ಈಗಲೂ ಕೈ ಬರುವುದಿಲ್ಲ. ಬಿಎಸ್ಸಿ ಓದಿ ಕನಕಪುರದ ಲ್ಯಾಬಿನಲ್ಲಿ ಕೆಲಸ ಮಾಡುವ ನನ್ನ ದಿವ್ಯ, ಎರಡು ವರ್ಷದ ಹಿಂದೆ, ಕುರಿ ಸಾಕುವವರ ಮನೆಯ, ಹತ್ತನೇ ಕ್ಲಾಸಿನಲ್ಲಿ ಡುಮ್ಕಿ ಹೊಡೆದ ಗಣೇಶ ಎಂಬವನ ಜೊತೆ ಹಾರ ಹಾಕಿಕೊಂಡು ಚನ್ನಪಟ್ಟಣದ ನಮ್ಮ ಮನೆ ಬಾಗಿಲಿಗೆ ಬಂದು ನಿಂತಳು. ನಾನು ಒಳಗಿನಿಂದ ಚಿಲಕ ಹಾಕಿಕೊಂಡೆ. ಆಮೇಲಾಮೇಲೆ ಮಗಳ ಜೊತೆ ಫೋನಿನಲ್ಲಿ ಮಾತು ಶುರುವಾಯಿತು. ಅವನ ಜೊತೆ ಇವತ್ತಿನವರೆಗೂ ಒಂದು ಮಾತು ಆಡಿಲ್ಲ.

ಅವನ ತಾಯಿ ಭದ್ರಮ್ಮ ನೆಲದ ಮೇಲೆ ಕೂತು ರಾಗವಾಗಿ ಅಳುತ್ತಾಳೆ. "ಅಯ್ಯೋ ನನ್ ಕಂದ, ನಿನ್ನ ಯಾರ್ ಕಣ್ಣು ತಾಕ್ಬುಡ್ತೋ." ಕಣ್ಣು ತಾಕುವಂಥದ್ದು ಅವನಲ್ಲಿ ಏನಿತ್ತೋ ನಾನರಿಯೆ.

ಮೀಸೆಯೂ ಸರಿಯಾಗಿ ಬಂದಿಲ್ಲದ ಡಾಕ್ಟರೊಬ್ಬ ಬಂದು, ಮೊಬೈಲು ನೋಡುತ್ತಲೇ ಪಟಪಟ ಒಪ್ಪಿಸಿದ. ಎರಡೂ ಕಡೆ ಪಕ್ಕೆಲುಬು ಮುರಿದಿದೆ, ಎದೆಯೊಳಗೆ ರಕ್ತ ತುಂಬಿದ್ದಕ್ಕೆ ಪೈಪು ಹಾಕಿದ್ದೇವೆ, ಬಲತೊಡೆಯ ಮೂಳೆ ತುಂಡಾಗಿದೆ, ಬೆನ್ನುಮೂಳೆ ಎದೆಯ ಮಟ್ಟದಲ್ಲಿ ಜರುಗಿ ಒಳಗಿನ ಹುರಿಯನ್ನು ಜಜ್ಜಿದೆ, ಎದೆಯಿಂದ ಕೆಳಗೆ ಮುಟ್ಟಿದರೆ ಗೊತ್ತಾಗುತ್ತಿಲ್ಲ.

"ನಡೆಯುತ್ತಾನಾ?" ಎಂದು ಕೇಳಿದೆ.

"ಮೊದಲು ಜೀವ ಉಳೀಲಿ ಮೇಡಂ" ಎಂದ.

ಕೇಳಿದ ಪ್ರಶ್ನೆ ಬಿಟ್ಟು ಪಕ್ಕದ ಪ್ರಶ್ನೆಗೆ ಉತ್ತರ ಬರೆಯುವ ಹುಡುಗರಿಗೆ ಇಡೀ ಸರ್ವೀಸಿನಲ್ಲಿ ಸೊನ್ನೆ ಸುತ್ತಿಕೊಂಡು ಬಂದವಳು ನಾನು. ಗಣಿತದ ಟೀಚರು. ಇವನಿಗೂ ಸೊನ್ನೆಯೇ.

ಜೂನ್ 15, ಭಾನುವಾರ

ಒಂದು ಮೈಗೆ ಮೂರು ಡಾಕ್ಟರು. ಒಬ್ಬರ ಮುಖ ಇನ್ನೊಬ್ಬರು ನೋಡುವುದಿಲ್ಲ. ಬೆನ್ನಿನವರು ಹೇಳುತ್ತಾರೆ, ಬೇಗ ಆಪರೇಷನ್ ಮಾಡಬೇಕು ಅಂತ. ಎದೆಯವರು ಹೇಳುತ್ತಾರೆ, ಬೋರಲು ಮಲಗಿಸಿದರೆ ಉಸಿರು ನಿಲ್ಲುತ್ತದೆ, ತಡೆಯಿರಿ. ಮೂಳೆಯವರು, ಅವರಿಬ್ಬರೂ ಒಪ್ಪಲಿ, ಆಮೇಲೆ ನಮ್ಮ ತೊಡೆ ಎನ್ನುತ್ತಾರೆ. ಅವರ ತೊಡೆಯಂತೆ!

ನೋಡಲು ಬರುವವರದ್ದು ಇನ್ನೊಂದು ಕಥೆ. ಪ್ರತಿಯೊಬ್ಬನಿಗೂ ಬೆನ್ನು ಮುರಿದ ಒಬ್ಬ ಭಾವಮೈದುನ ಇರುತ್ತಾನೆ, ಅವನು ಈಗ ಓಡಾಡುತ್ತಿರುತ್ತಾನೆ. ಎಳನೀರು ಹಿಡಿದುಕೊಂಡು ಬರುತ್ತಾರೆ, ಕೊನೆಗೆ ತಾವೇ ಕುಡಿದು ಹೋಗುತ್ತಾರೆ.

ತಮ್ಮ ಅನಂತರಾಜು ಮಾಗಡಿಯಿಂದ ಫೋನ್ ಮಾಡಿದ್ದ. ಲಾಯರಲ್ಲವೇ, ಸುತ್ತು ಬಳಸುವುದಿಲ್ಲ. "ಅಕ್ಕ, ಅವಳಿಗಿನ್ನೂ ಇಪ್ಪತ್ತಾರು. ಮಕ್ಕಳೂ ಇಲ್ಲ. ಒಂದೆರಡು ತಿಂಗಳು ಬಿಟ್ಟು ಕರ್ಕೊಂಡ್ ಬಂದ್ಬಿಡು, ಮಿಕ್ಕಿದ್ದು ನಾನು ನೋಡ್ಕೋತೀನಿ" ಎಂದ. ನಾನು ಇಲ್ಲಿಗೆ ಬಂದಿರುವುದೇ ಅದಕ್ಕೆ. ಬೇರೆ ಯಾವ ಆಸೆಗೂ ಅಲ್ಲ.

ಜೂನ್ 21, ಶನಿವಾರ

ಅಂತೂ ಎದೆಯವರು ಒಪ್ಪಿದರು. ನಿನ್ನೆ ಬೆನ್ನಿಗೆ ರಾಡು, ತೊಡೆಗೂ ರಾಡು. ಡಾಕ್ಟರು ಹೊರಗೆ ಬಂದು, ಆಪರೇಷನ್ ಚೆನ್ನಾಗಾಯಿತು ಎಂದರು. ಭದ್ರಮ್ಮ ಅವರ ಕಾಲಿಗೆ ಬಿದ್ದಳು. ಚೆನ್ನಾಗಾಯಿತು ಎಂದರೆ ಮೂಳೆ ನೆಟ್ಟಗಾಯಿತು ಅಂತ, ಕಾಲು ಬಂತು ಅಂತ ಅಲ್ಲ. ಬಿಡಿಸಿ ಹೇಳಿದರೆ ನನ್ನನ್ನೇ ಪಾಪಿ ಎನ್ನುವ ಹಾಗೆ ನೋಡಿದಳು.

ಜುಲೈ 4, ಶುಕ್ರವಾರ

ವಾರ್ಡಿಗೆ ಹಾಕಿದ್ದಾರೆ. ನೆಂಟರೆಲ್ಲ ಮಾಯ. ಭದ್ರಮ್ಮ ಕುರಿ ನೋಡಿಕೊಳ್ಳಲು ಊರಿಗೆ ಹೋದಳು, ಅವಳ ಗಂಡ ಸತ್ತು ವರ್ಷಗಳಾಗಿವೆ, ಮಂದೆ ಅವಳೊಬ್ಬಳದ್ದೇ. ದಿವ್ಯ ರಜೆ ಮುಗಿದು ಕೆಲಸಕ್ಕೆ ಹೋದಳು, ಮೂರು ಹೊತ್ತಿನ ಊಟ ಬರುವುದು ಅವಳ ಸಂಬಳದಿಂದಲೇ. ಉಳಿದವಳು ಯಾರು? ರಿಟೈರಾದ ಲತಾಮಣಿ ಟೀಚರು, ತನ್ನ ಮನೆಯಲ್ಲಿ ಫ್ಯಾನ್ ಕೆಳಗೆ ಕೂತು ಪೇಪರು ಓದಬೇಕಾದವಳು.

ನರ್ಸು ಹೇಳಿಕೊಟ್ಟ ಹಾಗೆ ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಲ್ಲಿ ಹುಣ್ಣಾಗುತ್ತದೆ. ವಾರ್ಡ್‌ಬಾಯ್ ಬರುತ್ತಾನೆ, ಮರದ ದಿಮ್ಮಿ ಉರುಳಿಸಿದ ಹಾಗೆ ಉರುಳಿಸುತ್ತಾನೆ, ಹೋಗುತ್ತಾನೆ.

ಇವತ್ತು ಕಾಲು ಒರೆಸುವಾಗ ಎಡಗಾಲಿನ ಹರಡು ಸೋರೆಕಾಯಿಯ ಹಾಗೆ ಊದಿತ್ತು. ಮುಟ್ಟಿದರೆ ಬಿಸಿ. ರೌಂಡಿಗೆ ಬಂದ ಡಾಕ್ಟರಿಗೆ ತೋರಿಸಿದೆ. "ಮಲಗೇ ಇರ್ತಾರಲ್ಲ ಅಮ್ಮ, ನೀರು ತುಂಬಿಕೊಳ್ಳುತ್ತೆ" ಎಂದು ಮುಂದಕ್ಕೆ ಹೋದರು. ಹಿಂದೆಯೇ ಹೋಗಿ ದಾರಿಗೆ ಅಡ್ಡ ನಿಂತೆ. "ಬಲಗಾಲಲ್ಲಿ ಯಾಕೆ ತುಂಬಿಲ್ಲ?" ಎಂದೆ. ನನ್ನ ಕಾಟ ತಡೆಯಲಾರದೆ ಎಕ್ಸ್‌ರೇಗೆ ಬರೆದುಕೊಟ್ಟರು. ಹರಡಿನ ಮೂಳೆ ಮುರಿದಿದೆ. ಇಷ್ಟು ದಿನವೂ ಮುರಿದೇ ಇತ್ತು. ಮೂರು ಡಾಕ್ಟರಿದ್ದರಲ್ಲ, ನಾಲ್ಕನೆಯ ಜಾಗ ನೋಡಲು ಒಬ್ಬರೂ ಇರಲಿಲ್ಲ. ಅವನು ನೋವೆಂದು ಕೂಗಲಿಲ್ಲ, ಆದ್ದರಿಂದ ಮುರಿದಿಲ್ಲ ಎಂದುಕೊಂಡರು. ಕೂಗಲು ಅವನಿಗೆ ಗೊತ್ತಾಗಬೇಕಲ್ಲ!

ಆಗಲೇ ಅವನು ನನ್ನ ಕಡೆ ತಿರುಗಿ, "ಅತ್ತೆ, ಇನ್ನೂ ಎಲ್ಲೆಲ್ಲಿ ಮುರಿದೈತೆ ಒಸಿ ನೋಡ್ಬುಡಿ, ಒಂದೇ ಸಲ ಗೊತ್ತಾಗ್ಲಿ" ಎಂದ. ನಗುತ್ತಿದ್ದ. ಹಲ್ಲು ಕಿರಿಯಲು ಹೊತ್ತು ಗೊತ್ತು ಬೇಡವೇ ಈ ಮನುಷ್ಯನಿಗೆ?

"ಬಾಯಿ ಒಂದು ಮುರೀಬೇಕಿತ್ತು" ಎಂದೆ. ಎರಡು ವರ್ಷದಲ್ಲಿ ನಾನು ಅವನಿಗೆ ಆಡಿದ ಮೊದಲ ಮಾತು ಅದು.

ಜುಲೈ 20, ಭಾನುವಾರ

ಡಿಸ್ಚಾರ್ಜ್ ಮಾಡಿ ರಾಮನಗರಕ್ಕೆ ಕರೆದುಕೊಂಡು ಬಂದೆವು. ಇವರದ್ದು ಒಂದು ಬಾಡಿಗೆ ಮನೆ. ಮನೆ ಎಂದರೆ ಮೂರು ಗೂಡು. ಬಚ್ಚಲ ಬಾಗಿಲು ಎಷ್ಟು ಕಿರಿದೆಂದರೆ ವೀಲ್‌ಚೇರ್ ಇರಲಿ, ಭದ್ರಮ್ಮನೇ ಓರೆಯಾಗಿ ಹೋಗಬೇಕು. ಹಾಲ್‌ನಲ್ಲಿ ಮಂಚ, ಮಂಚದ ಕೆಳಗೆ ಮೂತ್ರದ ಚೀಲ, ಎದುರಿಗೆ ಟೀವಿ, ಟೀವಿಯ ಮೇಲೆ ಅವರಿಬ್ಬರ ಮದುವೆಯ ಫೋಟೊ. ನಾನಿಲ್ಲದ ಫೋಟೊ.

ಬೆಳಿಗ್ಗೆ ಎದ್ದು ದಿವ್ಯ ಎಲ್ಲ ಶುಚಿ ಮಾಡಿ, ಕನಕಪುರದ ಬಸ್ಸು ಹಿಡಿಯುತ್ತಾಳೆ. ಸಂಜೆ ಬಂದು ಮತ್ತೆ ಅದೇ. ಹಗಲು ನನ್ನದು. ಒಂದು ತಿಂಗಳು, ಹೆಚ್ಚೆಂದರೆ ಎರಡು. ಮಗಳಿಗೆ ತಾನಾಗಿಯೇ ಬುದ್ಧಿ ಬರುತ್ತದೆ.

ಜುಲೈ 29, ಮಂಗಳವಾರ

ಮುದ್ದೆ ಮಾಡಿದರೆ ಎರಡು ತುತ್ತು. ಅನ್ನ ಮಾಡಿದರೆ ಎರಡು ತುತ್ತು. ನೀರಿನ ಲೋಟ ಇಟ್ಟಲ್ಲೇ ಇರುತ್ತದೆ. ನನ್ನ ಅಡುಗೆ ಇವನ ನಾಲಿಗೆಗೆ ಹಿಡಿಸಲಿಲ್ಲವೇನೋ ಎಂದುಕೊಂಡೆ. ಕುರಿಮಾಂಸ ತಿಂದು ಬೆಳೆದವನು, ನಾನು ಮಾಡುವ ಬಸ್ಸಾರು ಯಾಕೆ ರುಚಿಸೀತು? ಇವತ್ತು ಚೀಲ ಖಾಲಿ ಮಾಡುವಾಗ ನೋಡಿದರೆ ಮೂತ್ರ ಕಾಫಿ ಬಣ್ಣ.

"ಊಟ ಯಾಕೆ ಮಾಡುವುದಿಲ್ಲ?" ಎಂದು ಜೋರು ಮಾಡಿದೆ. ಗೋಡೆ ನೋಡಿದ. ಮತ್ತೆ ಕೇಳಿದೆ.

"ತಿಂದ್ರೆ ಹಗಲೊತ್ತು ಆಗ್ಬುಡ್ತದೆ ಅತ್ತೆ. ದಿವ್ಯ ಇರಲ್ಲ. ನೀವು ಮಾಡೋ ಕೆಲ್ಸ ಅಲ್ಲ ಅದು."

ಹೊಟ್ಟೆಗೆ ಉಪವಾಸ ಹಾಕಿ ನನ್ನ ಮರ್ಯಾದೆ ಕಾಯುತ್ತಿದ್ದಾನಂತೆ. ನನ್ನ ಮರ್ಯಾದೆ ಕಾಯಬೇಕಾಗಿದ್ದದ್ದು ಎರಡು ವರ್ಷದ ಹಿಂದೆ. ಆಗ ನೆನಪಾಗಲಿಲ್ಲ.

"ನಿನ್ನ ಮಾವನವರು ಸಾಯುವ ಮುಂಚೆ ಹಾಸಿಗೆ ಹಿಡಿದಿದ್ದರು. ಯಾರು ಮಾಡಿದರು ಅಂದುಕೊಂಡಿದ್ದೀಯ? ಹೆಡ್‌ಮಾಸ್ಟರ್ ಬಂದು ಮಾಡಿದರಾ? ಬೆನ್ನೊಳಗೆ ರಾಡು ಇಟ್ಟುಕೊಂಡು ಉಪವಾಸ ಮಾಡಿದರೆ ಗಾಯ ಕೂಡುತ್ತಾ? ತಿನ್ನು!" ಎಂದು ತಟ್ಟೆಯನ್ನು ಎದುರಿಗಿಟ್ಟು ನಾನೂ ಅಲ್ಲೇ ಕೂತೆ. ತಿಂದ. ಅಳುತ್ತಾ ತಿಂದ. ಮೂಗು ಒರೆಸಿಕೊಳ್ಳಲು ಸೆರಗು ಕೊಡುತ್ತೇನೆಂದುಕೊಂಡನೋ ಏನೋ. ಟವೆಲ್ ಬಿಸಾಡಿದೆ.

ಮಧ್ಯಾಹ್ನ ಆಗಿದ್ದು ಆಯಿತು. ಶುಚಿ ಮಾಡಿದೆ. ಅವನು ಮುಖದ ಮೇಲೆ ಕೈ ಮುಚ್ಚಿಕೊಂಡಿದ್ದ. ನಾನು ಕರೆಂಟ್ ಬಿಲ್ಲಿನ ವಿಷಯ ಮಾತಾಡುತ್ತಾ ಮುಗಿಸಿದೆ.

ಆಗಸ್ಟ್ 9, ಶನಿವಾರ

ಮಹ್ವಿಶ್ ಎಂಬ ಹುಡುಗಿ ವಾರಕ್ಕೆರಡು ಸಲ ಬರುತ್ತಾಳೆ. ಫಿಸಿಯೊಥೆರಪಿ. ಇದೇ ಊರಿನವಳು, ಸ್ಕೂಟರಿನಲ್ಲಿ ಬರುತ್ತಾಳೆ, ಮಾತಿಗೊಂದು ಆಂಟಿ. ಇವನ ತೋಳಿಗೆ ಮರಳಿನ ಚೀಲ ಕಟ್ಟಿ ಎತ್ತಿಸುತ್ತಾಳೆ. ಕಾಲಿಗಿಲ್ಲದ ಬಲವನ್ನೆಲ್ಲ ತೋಳಿಗೆ ತರಬೇಕಂತೆ. ಇವತ್ತು ಅವನು ನೀರಿನ ಜಗ್ಗಿಗೆ ಕೈ ಚಾಚುತ್ತಿದ್ದ, ಎಟುಕುತ್ತಿರಲಿಲ್ಲ, ನಾನು ತೆಗೆದುಕೊಟ್ಟೆ. ನನ್ನನ್ನೇ ಬೈದಳು.

"ಆಂಟಿ, ನೀವು ಕೈ ಕಟ್ಕೊಂಡು ನಿಂತ್ಕೊಳಿ. ನೀವು ಒಂದು ಕೆಲಸ ಮಾಡಿಕೊಟ್ರೆ ಅವರು ಒಂದು ಕೆಲಸ ಮರೀತಾರೆ."

ಕ್ಲಾಸಿನಲ್ಲಿ ನಾನು ಹೇಳಬೇಕಾದ ಮಾತನ್ನು ನಿನ್ನೆ ಮೊನ್ನೆ ಕಾಲೇಜು ಬಿಟ್ಟವಳು ನನಗೆ ಹೇಳುತ್ತಾಳೆ. ಆಮೇಲೆ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಒಂದು ಪಾಠ ಮಾಡಿದಳು. ಇವರ ಬೆನ್ನಿನ ಏಟು ಮೇಲ್ಗಡೆ ಇದೆ; ಕೆಳಗೆ ಏನಾದರೂ ತೊಂದರೆಯಾದರೆ ಇವರಿಗೆ ನೋವು ಗೊತ್ತಾಗುವುದಿಲ್ಲ, ಬದಲಿಗೆ ಬಿ.ಪಿ. ಏರಿಬಿಡುತ್ತದೆ, ತಲೆ ಸಿಡಿಯುತ್ತದೆ, ಬೆವರುತ್ತಾರೆ, ಹಾಗಾದರೆ ತಕ್ಷಣ ಕೂರಿಸಿ, ಬಟ್ಟೆ ಸಡಿಲ ಮಾಡಿ, ಮೊದಲು ಮೂತ್ರದ ಪೈಪು ನೋಡಿ. ತಲೆನೋವಿಗೂ ಮೂತ್ರಕ್ಕೂ ಏನು ಸಂಬಂಧವೋ. ತಲೆಯಾಡಿಸಿದೆ.

ಅವಳು ಹೋದ ಮೇಲೆ ಭದ್ರಮ್ಮನ ಊರಿನಿಂದ ಯಾವನೋ ಎಣ್ಣೆ ತಂದ. ನಲವತ್ತೆಂಟು ದಿನ ತಿಕ್ಕಿದರೆ ಎದ್ದು ಓಡುತ್ತಾನಂತೆ. "ನೀವೇ ಒಂಚೂರು ತಲೆಗೆ ತಿಕ್ಕಿಕೊಳ್ಳಿ, ಅಲ್ಲೇ ಅದರ ಅಗತ್ಯ ಹೆಚ್ಚಿದೆ" ಎಂದು ಬಾಟಲಿ ವಾಪಸ್ಸು ಕೊಟ್ಟೆ. ಮಂಚದ ಮೇಲಿದ್ದವನು ಕಿಸಕ್ಕನೆ ನಕ್ಕ, ಪಕ್ಕೆಲುಬು ಹಿಡಿದುಕೊಂಡು ನಕ್ಕ. ನನಗೂ ಬಂತು. ತಡೆದುಕೊಂಡೆ.

ಆಗಸ್ಟ್ 26, ಮಂಗಳವಾರ

ಗೌರಿ ಹಬ್ಬ. ದಿವ್ಯಳಿಗೆ ಲ್ಯಾಬಿನಲ್ಲಿ ರಜೆ ಕೊಡಲಿಲ್ಲ. ಕಡುಬಿಗೆ ಹಿಟ್ಟು ತೊಳಸುತ್ತಿದ್ದೆ. "ಅತ್ತೆ, ತಲೆ ಸಿಡೀತೈತೆ" ಎಂದ. ಬೆಳಿಗ್ಗೆಯಿಂದ ಮುಖ ಊದಿಸಿಕೊಂಡೇ ಇದ್ದ, ಹಬ್ಬಕ್ಕೆ ಅವನ ಸ್ನೇಹಿತರು ಯಾರೂ ಬರಲಿಲ್ಲವೆಂದು. ನಾಟಕ ಎಂದುಕೊಂಡೆ. "ಎಲ್ಲರ ತಲೆಯೂ ಸಿಡಿಯುತ್ತೆ, ಸುಮ್ಮನೆ ಮಲಗು" ಎಂದೆ.

ಒಂದಷ್ಟು ಹೊತ್ತು ಬಿಟ್ಟು ಮತ್ತೆ ಕೂಗಿದ. ಈ ಸಲ ಅತ್ತೆ ಎನ್ನಲಿಲ್ಲ. "ಅವ್ವಾ" ಎಂದ.

ಹೋಗಿ ನೋಡಿದರೆ ಮುಖ ಕೆಂಪು ಕೆಂಪು, ಹಣೆಯಿಂದ ಬೆವರು ಸುರಿಯುತ್ತಿದೆ, ಕಣ್ಣು ಮಂಜಾಗುತ್ತಿದೆ ಎನ್ನುತ್ತಾನೆ. ಹೊಟ್ಟೆ ಮುಟ್ಟಿದರೆ ತಣ್ಣಗೆ. ಆ ಹುಡುಗಿಯ ಪಾಠ ಆಗ ತಲೆಗೆ ಹತ್ತಿತು. ತಲೆ ಕಡೆ ದಿಂಬು ಒಟ್ಟಿ ಎತ್ತಿ ಕೂರಿಸಿದೆ. ಎಲ್ಲಿಂದ ಬಂತೋ ಬಲ. ಪಂಚೆ ಬಿಚ್ಚಿದೆ. ಪೈಪು ಅವನ ತೊಡೆಯಡಿ ಸಿಕ್ಕಿ ಮಡಚಿಕೊಂಡಿತ್ತು. ಚೀಲದಲ್ಲಿ ಬೆಳಗಿನದ್ದೇ ಇತ್ತು, ಒಂದು ಹನಿಯೂ ಇಳಿದಿರಲಿಲ್ಲ. ಮಗ್ಗುಲು ಮಾಡಿಸುವಾಗ ಪೈಪು ಎಳೆದುಬಿಡದೆ ಹಾಗೇ ಬಿಟ್ಟವಳು ನಾನೇ. ಬಿಡಿಸಿದೆ. ಚೀಲ ತುಂಬುತ್ತಾ ಹೋಯಿತು. ತುಂಬುತ್ತಾ ತುಂಬುತ್ತಾ ಅವನ ಮುಖದ ಕೆಂಪು ಇಳಿಯಿತು.

ಮಹ್ವಿಶಳಿಗೆ ಫೋನ್ ಮಾಡಿದೆ. ಓಡಿ ಬಂದಳು, ಬಿ.ಪಿ. ನೋಡಿದಳು. "ಇನ್ನೊಂಚೂರು ಲೇಟಾಗಿದ್ರೆ ತಲೇಲಿ ರಕ್ತನಾಳ ಒಡೀತಿತ್ತು ಆಂಟಿ. ಸರಿಯಾಗಿ ಮಾಡಿದ್ರಿ" ಎಂದಳು.

ಅವನು ನನ್ನನ್ನು ನೋಡಿದ. ನಾನು ಮೊದಲು ಏನು ಹೇಳಿ ಮಲಗಿಸಿದೆ ಎಂದು ಹೇಳಲಿಲ್ಲ. ಅವಳು ಹೋದ ಮೇಲೂ ಹೇಳಲಿಲ್ಲ. ದಿವ್ಯಳಿಗೂ ಹೇಳಲಿಲ್ಲ.

ಒಲೆಯ ಮೇಲೆ ಹಿಟ್ಟು ಸೀದು ಕರಕಾಗಿತ್ತು.

ಆಗಸ್ಟ್ 28, ಗುರುವಾರ

ಬರೆಯಲು ಏನೂ ಇಲ್ಲ. ಪೈಪು ಸರಿಯಾಗಿದೆ. ನೋಡುತ್ತಲೇ ಇದ್ದೇನೆ.

ಸೆಪ್ಟೆಂಬರ್ 18, ಗುರುವಾರ

ನುಣ್ಣಗೆ ಉಜ್ಜಿದ ಒಂದು ಹಲಗೆಯಿದೆ. ಒಂದು ತುದಿ ಮಂಚದ ಮೇಲೆ, ಇನ್ನೊಂದು ತುದಿ ವೀಲ್‌ಚೇರಿನ ಮೇಲೆ. ಕೈಯೂರಿ, ಸೊಂಟ ಎತ್ತಿ, ಜರುಗಿಕೊಂಡು ಜರುಗಿಕೊಂಡು ಕುರ್ಚಿಗೆ ಹೋಗಬೇಕು. ಮೊದಮೊದಲು ಅಕ್ಕಿ ಮೂಟೆಯ ಹಾಗೆ ಪಕ್ಕಕ್ಕೆ ಉರುಳುತ್ತಿದ್ದ. ಇವತ್ತು ಯಾರ ಕೈಯೂ ಇಲ್ಲದೆ ಹೋಗಿ ಕೂತ. ಮಹ್ವಿಶ್ ಚಪ್ಪಾಳೆ ತಟ್ಟಿದಳು. ಕುರ್ಚಿಯ ಮೇಲೆ ಕೂತದ್ದಕ್ಕೆ ಚಪ್ಪಾಳೆ! ಕಾಲ ಹೀಗಾಯಿತು. ಪಾಯಸ ಮಾಡಿದೆ, ಶಾವಿಗೆ ಹಳೆಯದಾಗಿತ್ತು, ಕೆಡುತ್ತದಲ್ಲ ಎಂದು.

ಹಗಲೆಲ್ಲ ಫೋನು. ಅವನ ಜೊತೆಯ ಆಟೊದವರು ಈಗ ಇವನನ್ನೇ ಕೇಳುತ್ತಾರೆ. ಯಾರ ರೇಷ್ಮೆಗೂಡು ಮಾರ್ಕೆಟ್ಟಿಗೆ ಸಿದ್ಧವಾಗಿದೆ, ಯಾವ ಊರಿಗೆ ಯಾವ ಗಾಡಿ ಹೋಗಬೇಕು, ವಾಪಸ್ಸು ಬರುವಾಗ ಏನು ಲೋಡು, ಎಲ್ಲ ಮಲಗಿದಲ್ಲಿಂದ ಹೊಂದಿಸುತ್ತಾನೆ. "ಲೇ ಮತೀನ, ಬಿಡದಿ ಕಡೆ ಹೋಗ್ಬ್ಯಾಡ ಕಣ್ಲಾ, ಅಲ್ಲಿ ರೋಡು ಅಗ್ದಾರೆ!" ಎಂದು ಕಿವಿ ಹರಿಯುವ ಹಾಗೆ ಕಿರುಚುತ್ತಾನೆ. ಲೆಕ್ಕ ಮಾತ್ರ ಬಾಯಲ್ಲೇ ಮಾಡುತ್ತಾನೆ, ತಪ್ಪುವುದಿಲ್ಲ. ಇವನಿಗೆ ಹತ್ತನೇ ಕ್ಲಾಸಿನಲ್ಲಿ ಗಣಿತ ಹೇಳಿಕೊಟ್ಟ ಅಯೋಗ್ಯ ಯಾರೋ!

ಸಂಜೆ ಹೂಕೋಸು ಬಿಡಿಸುತ್ತಾ ಕೂತಿದ್ದೆ. "ಅತ್ತೆ, ಒಂದ್ ಮಾತ್ ಏಳ್ತೀನಿ, ಬೇಜಾರ್ ಮಾಡ್ಕೋಬ್ಯಾಡಿ. ದಿವ್ಯನ್ನ ನಿಮ್ ಜೊತೇಲಿ ಕರ್ಕೊಂಡೋಗ್ಬುಡಿ" ಎಂದ.

ಹೂಕೋಸು ಪಕ್ಕಕ್ಕಿಟ್ಟೆ.

"ರಾತ್ರಿ ಗೋಡೆ ಕಡೆ ತಿರುಕ್ಕೊಂಡು ಅಳ್ತಾಳೆ. ನಂಗೆ ಗೊತ್ತಾಗಲ್ಲ ಅನ್ಕೊಂಡವ್ಳೆ. ಕಾಲ್ ತಾನೆ ಓಗಿರಾದು, ಕಿವಿ ಐತಲ್ಲ. ಅವ್ವ ಬಂದಿರ್ತಾಳೆ, ಎಂಗೋ ಆಯ್ತದೆ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನನ್ನ ಮಗಳನ್ನು ನಾನು ಕರೆದುಕೊಂಡು ಹೋಗಲು ಇವನ ಅಪ್ಪಣೆ ಬೇಕಾ? "ಕರ್ಕೊಂಡು ಬರುವಾಗ ನನ್ನ ಕೇಳಿದೆಯಾ? ಈಗ ಕರ್ಕೊಂಡು ಹೋಗು ಅನ್ನೋಕೆ ನೀನ್ಯಾರು? ದೊಡ್ಡ ತ್ಯಾಗ ಮಾಡೋಕೆ ಬಂದಿದ್ದಾನೆ" ಎಂದು ಕೂಗಾಡಿದೆ. ಪಕ್ಕದ ಮನೆಯ ನೂರ್ಜಹಾನ್ ಕಿಟಕಿ ತೆರೆದು ನೋಡಿದಳು. ಅವಳ ಮುಖಕ್ಕೇ ನಮ್ಮ ಕಿಟಕಿ ಹಾಕಿದೆ.

ಅನಂತರಾಜುವಿಗೆ ಇದನ್ನು ಹೇಳಿದರೆ ಕುಣಿದಾಡುತ್ತಾನೆ. ಹೇಳಲಿಲ್ಲ. ಅವನು ಫೋನ್ ಎತ್ತುವುದೇ ಮೂರು ಸಲ ಮಾಡಿದ ಮೇಲೆ.

ಅಕ್ಟೋಬರ್ 22, ಬುಧವಾರ

ದೀಪಾವಳಿ. ಗಣೇಶ ಕುರ್ಚಿಯಲ್ಲಿ ಬಾಗಿಲ ತನಕ ಬಂದು ದೀಪ ಹಚ್ಚಿದ. ಮತೀನನ ಮಕ್ಕಳು ಬಂದು ನಮ್ಮ ಬಾಗಿಲಲ್ಲಿ ಭೂಚಕ್ರ ಬಿಟ್ಟು, ಗೋಡೆ ಕಪ್ಪು ಮಾಡಿ ಹೋದವು.

ಹಿತ್ತಲಲ್ಲಿ ಪಾತ್ರೆ ತೊಳೆಯುವಾಗ ದಿವ್ಯ ಬಂದು ಪಕ್ಕದಲ್ಲಿ ಕೂತಳು. "ನೀನು ಹೇಳಿದ್ದೇ ಸರಿ ಅಮ್ಮ. ನನ್ನ ಕೈಲಿ ಆಗ್ತಿಲ್ಲ" ಎಂದಳು.

ಎರಡು ವರ್ಷ ಈ ಮಾತಿಗೆ ಕಾದವಳು ನಾನು. ಬಾಣಲೆ ಉಜ್ಜುತ್ತಲೇ ಇದ್ದೆ.

"ಅವನ ಮೇಲೆ ಕೋಪ ಇಲ್ಲಮ್ಮ. ಅವನನ್ನ ನೋಡಿದ್ರೆ ಗಂಡ ಅನ್ಸಲ್ಲ, ಡ್ಯೂಟಿ ಅನ್ಸತ್ತೆ. ಬೆಳಿಗ್ಗೆ ಎದ್ರೆ ಪೇಷಂಟು, ಲ್ಯಾಬಿಗೆ ಹೋದ್ರೆ ಪೇಷಂಟು, ಸಂಜೆ ಬಂದ್ರೆ ಪೇಷಂಟು. ಅವನು ಥ್ಯಾಂಕ್ಸ್ ಅಂತಾನೆ ಅಮ್ಮ. ದಿನಾ ಥ್ಯಾಂಕ್ಸ್ ಅಂತಾನೆ. ಅದನ್ನ ಕೇಳೋಕೆ ಆಗಲ್ಲ."

ಎಂಥ ಹುಡುಗಿಯನ್ನು ಹೆತ್ತೆ ನಾನು! ಅವತ್ತು ನಮ್ಮ ಬಾಗಿಲಲ್ಲಿ ನಿಂತು, ಸತ್ತರೂ ಇವನ ಜೊತೆಯೇ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದವಳು. ಅಷ್ಟೇನಾ ಇವಳ ಹಟ? ಒಂದು ಮಳೆಗಾಲಕ್ಕೆ ಮುಗಿಯಿತಾ? ಬೈಯಬೇಕೆಂದು ತಿರುಗಿದೆ. ಅವಳ ಬೆರಳುಗಳೆಲ್ಲ ಡೆಟಾಲಿನಿಂದ ಬಿರುಕು ಬಿಟ್ಟಿದ್ದವು. ಮಂಡಿಯ ಮೇಲೆ ಗಲ್ಲ ಇಟ್ಟುಕೊಂಡಿದ್ದಳು, ಚಿಕ್ಕವಳಿದ್ದಾಗ ಮಾರ್ಕ್ಸ್ ಕಡಿಮೆ ಬಂದ ದಿನ ಕೂರುತ್ತಿದ್ದ ಹಾಗೆ.

"ಕೈಗೆ ಕೊಬ್ಬರಿ ಎಣ್ಣೆ ಹಚ್ಕೋ" ಎಂದೆ.

ನವೆಂಬರ್ 16, ಭಾನುವಾರ

ದಿವ್ಯ ಹೋದಳು. ಕನಕಪುರದಲ್ಲಿ ಜೊತೆಯ ಹುಡುಗಿಯ ರೂಮಿನಲ್ಲಿ ಇರುತ್ತಾಳಂತೆ. ಅವರಿಬ್ಬರೂ ನಿನ್ನೆ ಬಾಗಿಲು ಹಾಕಿಕೊಂಡು ಮಾತಾಡಿದರು. ಕೂಗಾಟವಿಲ್ಲ, ಏನಿಲ್ಲ. ಒಮ್ಮೆ ಇಬ್ಬರೂ ನಕ್ಕದ್ದೂ ಕೇಳಿಸಿತು. ಈ ಕಾಲದವರಿಗೆ ಜಗಳವಾಡಲೂ ಬರುವುದಿಲ್ಲ.

ಹೊರಡುವಾಗ ಗಣೇಶ, "ಸ್ವೆಟರ್ ತಕೊಂಡ್ಯಾ? ಬೆಳಗ್ಗೆ ಹೊತ್ತು ಚಳಿ ಐತೆ" ಎಂದ. ಅವಳು ಬಾಗಿ ಅವನ ತಲೆಯ ಮೇಲೆ ಕೈಯಿಟ್ಟಳು. ನನ್ನ ಕಡೆ ನೋಡಿದಳು, ಬರುತ್ತೀಯಾ ಎನ್ನುವ ಹಾಗೆ. ನಾನು ಅವಳ ಚೀಲಕ್ಕೆ ಚಟ್ನಿಪುಡಿ ತುಂಬುತ್ತಿದ್ದೆ. ಒಂದೇ ಡಬ್ಬಿ ತುಂಬಿದೆ.

ಮಧ್ಯಾಹ್ನ ಅವನು ಉಣ್ಣಲಿಲ್ಲ. ಬಲವಂತ ಮಾಡಲಿಲ್ಲ. ಟೀವಿ ಹಾಕಿ ಕ್ರಿಕೆಟ್ ಇಟ್ಟೆ, ನನಗೆ ಕಂಡರಾಗದ ಆಟ. ಪಕ್ಕದಲ್ಲಿ ಕೂತು ಕೊನೆಯ ತನಕ ನೋಡಿದೆ. ಒಂದು ಬಾಲಿಗೆ ಯಾಕೆ ಅಷ್ಟು ಜನ ಓಡುತ್ತಾರೆ ಎಂದು ಕೇಳಿದೆ. ವಿವರಿಸಲು ಶುರು ಮಾಡಿದ. ವಿವರಿಸುತ್ತಾ ವಿವರಿಸುತ್ತಾ ಹಸಿವಾಯಿತೆಂದ.

ಭದ್ರಮ್ಮ ಕುರಿಗಳನ್ನು ಯಾರಿಗಾದರೂ ಒಪ್ಪಿಸಿ ಬರುವ ತನಕ ಇದ್ದು ಹೊರಡುತ್ತೇನೆ. ಅವಳಿಗೋ, ಒಂದು ಕುರಿ ಮಾರಲು ಒಂದು ವಾರ ಬೇಕು.

ಡಿಸೆಂಬರ್ 7, ಭಾನುವಾರ

ಭದ್ರಮ್ಮ ರಾಗಿಹಿಟ್ಟು, ಅವರೆಕಾಯಿ ಹೊತ್ತುಕೊಂಡು ಬಂದಳು. ಮಗನಿಗೆ ಮಗ್ಗುಲು ಮಾಡಿಸಲು ಹೋಗಿ ಭುಜ ಹಿಡಿದು ಎಳೆದಳು. ಹಾಗಲ್ಲ ಎಂದು ಬೈದು ತೋರಿಸಿದೆ. ಕುರಿಯನ್ನಾದರೆ ನೆಟ್ಟಗೆ ಹಿಡಿಯುತ್ತಾಳೆ.

ಅವರೆಕಾಯಿ ಸುಲಿಯುತ್ತಾ ಮೆಲ್ಲಗೆ ತೆಗೆದಳು. "ಬೀಗ್ತಿ, ನಿಮ್ ಮಗಳೇ ಓದ್ಮೇಕೆ ನೀವ್ಯಾಕಿದ್ದೀರಿ ಅಂತ ಊರ್ನೋರು ಕೇಳ್ತಾವ್ರೆ. ನಾನೇನ್ ಏಳ್ಳಿ?"

"ಊರಿನವರಿಗೆ ಕೆಲಸ ಇಲ್ಲ ಅಂತ ಹೇಳು."

"ನಂಗೂ ಗೊತ್ತಾಗ್ಲಿಲ್ಲ ಕಣವ್ವ, ಅದ್ಕೆ ಕೇಳ್ದೆ" ಎಂದಳು. ಸುಲಿಯುತ್ತಲೇ ಅಳುತ್ತಿದ್ದಳು. ಈ ಹೆಂಗಸಿಗೆ ಕಣ್ಣೀರು ಹೇಗೆ ಇಷ್ಟು ಅಗ್ಗವೋ. ಅವರೆಕಾಳೆಲ್ಲ ಉಪ್ಪಾಯಿತು.

ಮಂದೆ ಇನ್ನೂ ಯಾರಿಗೂ ಒಪ್ಪಿಸಿಲ್ಲವಂತೆ. ಅವಳನ್ನು ವಾಪಸ್ಸು ಬಸ್ಸು ಹತ್ತಿಸಿ ಬರುವಷ್ಟರಲ್ಲಿ ಅನಂತರಾಜುವಿನ ಫೋನು. ಡೈವೋರ್ಸಿಗೆ ಇಬ್ಬರೂ ಒಪ್ಪಿದ್ದಾರೆ, ಕೋರ್ಟಿನಲ್ಲಿ ಕಷ್ಟವಾಗುವುದಿಲ್ಲ ಎಂದ. ಆಮೇಲೆ, "ಅಕ್ಕ, ನಿನ್ನ ತಲೆ ನೆಟ್ಟಗಿದೆಯಾ? ಕೇಸ್ ಮುಗಿದ ಮೇಲೆ ಅವನು ನಿನಗೆ ಯಾರು?" ಎಂದ.

ಚಿಕ್ಕಂದಿನಿಂದಲೂ ಹೀಗೇ ಇವನು, ಮಗ್ಗಿ ಕೇಳಿದರೆ ಎದುರು ಪ್ರಶ್ನೆ ಹಾಕುತ್ತಿದ್ದ. ಹಾಲು ಉಕ್ಕುತ್ತಿದೆ ಎಂದು ಫೋನಿಟ್ಟೆ.

ಹಾಲು ಒಲೆಯ ಮೇಲೆ ಇರಲಿಲ್ಲ.

ಡಿಸೆಂಬರ್ 19, ಶುಕ್ರವಾರ

ಬೆಳಿಗ್ಗೆ ಬಸ್ಸಿಗೆ ಚನ್ನಪಟ್ಟಣಕ್ಕೆ ಬಂದೆ. ನಾನು ವಾಪಸ್ಸು ಹೋಗುವ ತನಕ ಗಣೇಶನ ಹತ್ತಿರ ಪಕ್ಕದ ಮನೆಯ ನೂರ್ಜಹಾನ್ ಇರುತ್ತಾಳೆ. ಮಾತು ಜಾಸ್ತಿ, ಆದರೆ ಪೈಪು ನೋಡುವುದನ್ನು ಕಲಿತಿದ್ದಾಳೆ. ನಮ್ಮ ಮನೆ ಧೂಳು ಹಿಡಿದು ಭೂತಬಂಗಲೆಯಾಗಿದೆ. ಬಚ್ಚಲ ಬಾಗಿಲು ಅಳೆದೆ, ವೀಲ್‌ಚೇರ್ ಧಾರಾಳವಾಗಿ ಹಿಡಿಸುತ್ತದೆ. ರಾಮನಗರದ ಆ ಗೂಡಿಗೆ ಬಾಡಿಗೆ ಕೊಡುವುದು ದಂಡ.

ಗಾರೆ ಕೆಲಸದ ಪೀರ್ ಸಾಬ್‌ಗೆ ಹೇಳಿಕಳಿಸಿದ್ದೆ. ಮುಂಬಾಗಿಲ ಮೆಟ್ಟಿಲು ಒಡೆದು ಇಳಿಜಾರು ಹಾಕು ಎಂದೆ. ದಿವ್ಯಳ ಅಪ್ಪ ಆಸೆಪಟ್ಟು ಕೆಂಪು ಗಾರೆ ಹಾಕಿಸಿದ್ದ ಮೆಟ್ಟಿಲು. ಪೀರ್ ಸಾಬ್ ಗಡ್ಡ ಕೆರೆದುಕೊಂಡು ಮೆಟ್ಟಿಲು ನೋಡಿದ, ನನ್ನ ಕಾಲು ನೋಡಿದ.

"ಯಾರಿಗಮ್ಮಾ, ನಿಮಗಾ? ಮಂಡಿನೋವಾ?"

ಮುಟ್ಠಾಳ. ನನ್ನ ಮಂಡಿ ಅವನ ತಲೆಗಿಂತ ಗಟ್ಟಿಯಾಗಿದೆ.

ಸಂಜೆಯ ಹೊತ್ತಿಗೆ ಮುಗಿಸಿ ಕೈ ತೊಳೆದುಕೊಂಡ. ನೋಡಿದರೆ ಸೌದೆ ಲಾರಿಗೆ ಹಾಕುವ ಹಲಗೆಯ ಹಾಗೆ ಕಡಿದಾಗಿದೆ. ಹಿಂದಿನಿಂದ ಯಾರಾದರೂ ತಳ್ಳಿದರೆ ಹತ್ತುತ್ತದಲ್ಲ ಎನ್ನುತ್ತಾನೆ. ಯಾರು ತಳ್ಳುವುದು, ಇವನು ದಿನಾ ಬಂದು ತಳ್ಳುತ್ತಾನಾ? ಎತ್ತರಕ್ಕೆ ಎಷ್ಟು ಉದ್ದ ಬೇಕೆಂದು ನೆಲದ ಮೇಲೆ ಇದ್ದಿಲಿನಲ್ಲಿ ಲೆಕ್ಕ ಬರೆದು ತೋರಿಸಿದೆ. ಗೇಟಿನ ತನಕ ಬರುತ್ತದೆ, ಕನಕಾಂಬರದ ಪಾತಿ ಹೋಗುತ್ತದೆ ಎಂದ. ಹೋಗಲಿ.

ನಾಳೆ ಅದನ್ನು ಒಡೆಸಿ, ಗೇಟಿನಿಂದಲೇ ಹಾಕಿಸುತ್ತೇನೆ. ಗಣೇಶ ಬೀದಿಯಿಂದ ಮನೆಯೊಳಕ್ಕೆ ಒಬ್ಬನೇ ಬರಬೇಕು. ಯಾರೂ ಕೈ ಹಾಕಬಾರದು, ನಾನೂ.